ಒಂದೇ ಕೀಬೋರ್ಡಿನಲ್ಲಿ ಎರಡು ಟ್ಯಾಂಕು

ನನಗೊಂದು ಅಭ್ಯಾಸವಿದೆ, ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲ. ಪೆನ್ ಡ್ರೈವನ್ನು ಕಂಪ್ಯೂಟರಿಗೆ ಚುಚ್ಚುವ ಮೊದಲು ಅದರ ಬಾಯಿಗೆ ಒಮ್ಮೆ ಊದುತ್ತೇನೆ. ಫೋನಿನ ಚಾರ್ಜರಿಗೂ ಊದುತ್ತೇನೆ. ಒಂದು ಸಲ ಎಟಿಎಂ ಕಾರ್ಡಿಗೂ ಊದಿ, ಹಿಂದೆ ನಿಂತಿದ್ದ ಹಿರಿಯರೊಬ್ಬರು "ಏನ್ರಿ, ಮಂತ್ರ ಹಾಕ್ತೀರೇನು?" ಎಂದು ಕೇಳಿದ್ದರು. ಊದಿದರೆ ಏನೂ ಆಗುವುದಿಲ್ಲವೆಂದು ನನಗೆ ಗೊತ್ತು. ಆದರೂ ಬಾಯಿ ತಾನಾಗಿಯೇ ದುಂಡಗಾಗುತ್ತದೆ. ಊದಿದ ಮರುಕ್ಷಣ ಕಿವಿಯಲ್ಲಿ ಹರಿಹರದ ಗಿರಿಜತ್ತೆಯ ಗದರಿಕೆ ಕೇಳಿಸುತ್ತದೆ: "ಊದಬ್ಯಾಡಲೇ ವೀರೇಶಾ, ಎಂಜಲಾಗ್ತೈತೆ!"

ಗಿರಿಜತ್ತೆ ನನ್ನ ಅಪ್ಪನ ಅಕ್ಕ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಆಕೆಯ ಮನೆಯಲ್ಲೊಂದು ಟಿವಿ ಗೇಮು ಇತ್ತು. ಟಿವಿಗೆ ಜೋಡಿಸಿ ಆಡುವ ಬಿಳಿ ಪ್ಲಾಸ್ಟಿಕ್ ಡಬ್ಬಿ, ಅದರಿಂದ ಹೊರಟ ಎರಡು ವೈರು, ವೈರಿನ ತುದಿಗೆ ಎರಡು ರಿಮೋಟು. ನೆತ್ತಿಯ ಮೇಲಿನ ಸೀಳಿಗೆ ಹಳದಿ ಕ್ಯಾಸೆಟ್ಟು ಚುಚ್ಚಬೇಕು. ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟಗಳಿವೆ ಎಂದು ಬರೆದಿತ್ತು. ನಾನು ಒಂದು ರಜೆಯಲ್ಲಿ ಕೂತು ಎಣಿಸಿದೆ, ಇದ್ದವು ಹನ್ನೊಂದು. ಉಳಿದವೆಲ್ಲ ಅವೇ ಹನ್ನೊಂದು, ಬೇರೆ ಬೇರೆ ಹೆಸರು ಹೊತ್ತು ಮತ್ತೆ ಮತ್ತೆ ಬರುತ್ತಿದ್ದವು.

ಇದು ಆ ಮನೆಗೆ ಬಂದದ್ದು ಮಾವನ ತೂಕದಿಂದ. ಮಾವ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಕಾರ್ಖಾನೆಯ ಕ್ರೀಡಾಕೂಟದ ಹಗ್ಗಜಗ್ಗಾಟದಲ್ಲಿ ಅವರ ತಂಡ ಗೆದ್ದಿತು. ಭಾರದ ಆಳೆಂದು ಅವರನ್ನು ಹಗ್ಗದ ಕೊನೆಗೆ ನಿಲ್ಲಿಸಿದ್ದರಂತೆ. ಬಹುಮಾನ ಆರಿಸಿಕೊಳ್ಳುವ ಸಾಲಿನಲ್ಲೂ ಅದೇ ಕ್ರಮ ಉಳಿಯಿತು. ಮುಂದಿನವರು ಗೋಡೆ ಗಡಿಯಾರ, ಫ್ಲಾಸ್ಕು, ಇಸ್ತ್ರಿಪೆಟ್ಟಿಗೆ ಎಲ್ಲ ಎತ್ತಿಕೊಂಡು ಹೋದ ಮೇಲೆ ಮಾವನಿಗೆ ಉಳಿದದ್ದು ಈ ಡಬ್ಬಿ. "ಫ್ಲಾಸ್ಕಾದ್ರೂ ತರಬಾರದಾಗಿತ್ತಾ?" ಎಂದು ಅತ್ತೆ ಎರಡು ದಿನ ಗೊಣಗಿದಳು. ಮೂರನೆಯ ದಿನ ಮಾವ ಡ್ಯೂಟಿಯಿಂದ ಬಂದಾಗ ಒಲೆಯ ಮೇಲೆ ಸಾರು ಇರಲಿಲ್ಲ, ಟಿವಿಯಲ್ಲಿ ಗುಂಡಿನ ಸದ್ದಿತ್ತು.

ಕ್ಯಾಸೆಟ್ಟು ಆಗಾಗ ಮುನಿಸಿಕೊಳ್ಳುತ್ತಿತ್ತು. ಪರದೆಯ ತುಂಬ ಬೂದುಬಣ್ಣದ ಚೌಕಗಳು. ಊರಿನ ಹುಡುಗರೆಲ್ಲ ಅದಕ್ಕೆ ಊದುತ್ತಿದ್ದರು, ನಾನೂ ಊದಿದೆ. ಅತ್ತೆಗೆ ಅದನ್ನು ಸಹಿಸಲಾಗಲಿಲ್ಲ. ದೀಪವನ್ನೇ ಊದಿ ಆರಿಸದ ಮನೆಯಲ್ಲಿ ಕ್ಯಾಸೆಟ್ಟಿಗೆ ಎಂಜಲೆ? ಕೊರಳಲ್ಲಿ ಕಟ್ಟಿಕೊಳ್ಳುವ ಲಿಂಗದ ಬೆಳ್ಳಿ ಕರಡಿಗೆಯನ್ನು ಆಕೆ ವಿಭೂತಿ ಹಚ್ಚಿ ಮೆತ್ತನೆಯ ಬಟ್ಟೆಯಿಂದ ಉಜ್ಜುತ್ತಿದ್ದಳು. ಅದೇ ಬಟ್ಟೆ, ಅದೇ ವಿಭೂತಿ. ಕ್ಯಾಸೆಟ್ಟಿನ ಒಳಗಿನ ಹಿತ್ತಾಳೆ ಹಲ್ಲುಗಳನ್ನು ತಿಕ್ಕಿ, ಒರೆಸಿ, ಚುಚ್ಚಿದಳು. ಒಂದೇ ಸಲಕ್ಕೆ ಆಟ ಬಂತು. ನಾನು ಆಗ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ, ಎಲೆಕ್ಟ್ರಾನಿಕ್ಸ್ ಓದುತ್ತಿದ್ದೆ. ನಯವಾದ ಪುಡಿಯಿಂದ ಉಜ್ಜಿದರೆ ಲೋಹದ ಕಿಲುಬು ಹೋಗುತ್ತದೆ, ಅಷ್ಟೇ ಎಂದು ವಿವರಿಸಿದೆ. "ಮತ್ತೆ ಗೊತ್ತಿದ್ದೋನು ಯಾಕ ಊದ್ತಿದ್ದೆ?" ಎಂದಳು. ಇಪ್ಪತ್ತು ವರ್ಷದ ಮೇಲಾಯಿತು, ಈಗಲೂ ಊದುತ್ತಿದ್ದೇನೆ.

ಹನ್ನೊಂದು ಆಟಗಳಲ್ಲಿ ಅತ್ತೆಗೆ ಹಿಡಿಸಿದ್ದು ಟ್ಯಾಂಕಿನದು. ಕಾಣದವರಿಗೆ ಹೇಳುತ್ತೇನೆ. ಪರದೆಯ ತುಂಬ ಇಟ್ಟಿಗೆ ಗೋಡೆಗಳ ಊರು. ಕೆಳಗೆ, ನಟ್ಟನಡುವೆ, ಇಟ್ಟಿಗೆ ಗೂಡಿನಲ್ಲಿ ಒಂದು ಹಕ್ಕಿ ಕೂತಿರುತ್ತದೆ. ಮೇಲಿನಿಂದ ವೈರಿ ಟ್ಯಾಂಕುಗಳು ಇಳಿದು ಬರುತ್ತವೆ. ಅವು ಹಕ್ಕಿಯನ್ನು ಹೊಡೆದರೆ ಆಟ ಮುಗಿಯಿತು. ಕಾಯುವವರು ಇಬ್ಬರು, ಒಂದು ಹಳದಿ ಟ್ಯಾಂಕು, ಒಂದು ಹಸಿರು ಟ್ಯಾಂಕು. ಒಂದು ಊರು ಗೆದ್ದರೆ ಮುಂದಿನ ಊರು. ಚೌಕಾಬಾರ ಆಡಿದ ಕೈಯಾದ್ದರಿಂದ ಅತ್ತೆ ಅವನ್ನು 'ಮನೆ' ಎನ್ನುತ್ತಿದ್ದಳು, ಒಂದನೇ ಮನೆ, ಎರಡನೇ ಮನೆ. ಇನ್ನೆರಡು ನಿಯಮಗಳಿದ್ದವು. ಜೊತೆಗಾರನ ಗುಂಡು ತಗುಲಿದರೆ ನೀವು ಸಾಯುವುದಿಲ್ಲ, ಸ್ವಲ್ಪ ಹೊತ್ತು ಮರಗಟ್ಟಿ ನಿಲ್ಲುತ್ತೀರಿ. ಮತ್ತು ನಿಮ್ಮ ಹಕ್ಕಿಯನ್ನು ನೀವೇ ಹೊಡೆದು ಕೊಲ್ಲಬಹುದು. ಈ ಎರಡು ನಿಯಮ ಬರೆದವನು ಯಾರೋ ಏನೋ, ಕೂಡುಕುಟುಂಬದಲ್ಲಿ ಬೆಳೆದವನೇ ಇರಬೇಕು.

ಈಗ ನನ್ನ ಅವ್ವನ ವಿಷಯಕ್ಕೆ ಬರಬೇಕು.

ಅದಕ್ಕೂ ಎರಡು ವರ್ಷ ಹಿಂದೆ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನಾವು ಮನೆ ಕಟ್ಟಿ ಗೃಹಪ್ರವೇಶ ಮಾಡಿದ್ದೆವು. ಹೊಸ ಮನೆಗೆ ಮೊದಲು ತುಂಬಿದ ಕೊಡ ಹೊತ್ತು ಒಳಗೆ ಹೋಗಬೇಕಾದವಳು ಮನೆಮಗಳು, ಅಂದರೆ ಗಿರಿಜತ್ತೆ. ಆಕೆಯ ಬಸ್ಸು ಬರಲಿಲ್ಲ. ಪೂಜೆಗೆ ಬಂದಿದ್ದ ಐನೋರು ಗಳಿಗೆ ಮೀರುತ್ತದೆಂದು ಕೂಗಿದರು. ಅವ್ವ ಕೊಡವನ್ನು ತನ್ನ ತಂಗಿಯ ಕೈಗೆ ಕೊಟ್ಟಳು. ಚಿಕ್ಕಮ್ಮ ಬಲಗಾಲಿಟ್ಟು ಒಳಗೆ ಹೋಗಿ ಐದು ನಿಮಿಷಕ್ಕೆ ಅತ್ತೆ ಬಂದಳು. ಬಾಗಿಲಲ್ಲಿ ನಿಂತು ಒದ್ದೆ ಹೆಜ್ಜೆಗುರುತುಗಳನ್ನು ನೋಡಿದಳು. ಜಗಳವಾಡಲಿಲ್ಲ. ಪಂಕ್ತಿಯಲ್ಲಿ ಕೂತು ಉಂಡಳು, ಹೋಳಿಗೆಯನ್ನೂ ಎರಡನೆಯ ಸಲ ಹಾಕಿಸಿಕೊಂಡಳು, ಕೈತೊಳೆದು ಹರಿಹರಕ್ಕೆ ಹೊರಟುಹೋದಳು. ಅವತ್ತಿನಿಂದ ಅವ್ವನೊಡನೆ ಮಾತಿಲ್ಲ, ನಮ್ಮ ಹೊಸ್ತಿಲೂ ತುಳಿಯಲಿಲ್ಲ. ಅಪ್ಪ ಒಮ್ಮೊಮ್ಮೆ ಜಗುಲಿಯಲ್ಲಿ ಕೂತು, "ಇಷ್ಟು ದೊಡ್ಡ ಮನೆ ಕಟ್ಟಿದ್ನಲ್ಲ, ಅವತ್ತಿನಿಂದ ನಮ್ಮಕ್ಕ ಒಂದು ಲೋಟ ನೀರು ಕುಡಿಲಿಲ್ಲ ಇದ್ರಾಗ," ಎನ್ನುತ್ತಿದ್ದರು. ಅವ್ವ ಒಳಗಿನಿಂದ ಪಾತ್ರೆಯ ಸದ್ದು ಸ್ವಲ್ಪ ಹೆಚ್ಚು ಮಾಡುತ್ತಿದ್ದಳು.

ಆದರೆ ಅವರು ಮಾತು ಬಿಟ್ಟಿದ್ದರೇ ಹೊರತು ರೀತಿ ಬಿಟ್ಟಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ಅವ್ವ ಉಕ್ಕಡಗಾತ್ರಿಯ ಗದ್ದುಗೆ ದರ್ಶನಕ್ಕೆ ಹೋಗುತ್ತಿದ್ದಳು, ಜೊತೆಗೆ ನಾನು. ಬರುವಾಗ ಹರಿಹರದಲ್ಲಿ ಬಸ್ಸು ಬದಲಿಸಬೇಕು. ದೇವರ ಪ್ರಸಾದ ಹಿಡಿದುಕೊಂಡು ನಾದಿನಿಯ ಊರು ಹಾಯ್ದು ಹೋಗುವಾಗ ಆಕೆಯ ಮನೆಗೆ ಕೊಡದೆ ಹೋಗುವುದುಂಟೆ? ಅವ್ವ ಪ್ರಸಾದವನ್ನು ಮೇಜಿನ ಮೇಲೆ ಇಡುವಳು. ಅತ್ತೆ ನೀರು ತಂದು ಅದೇ ಮೇಜಿನ ಮೇಲೆ ಇಡುವಳು. ಇಬ್ಬರೂ ನನ್ನನ್ನು ನೋಡುವರು.

ಅಂಥದ್ದೊಂದು ಅಮಾವಾಸ್ಯೆಯ ಮಧ್ಯಾಹ್ನ ಅತ್ತೆ ಮಾವನ ಜೊತೆ ಟ್ಯಾಂಕಿನ ಆಟದಲ್ಲಿದ್ದಳು. ನಾವು ಹೋಗಿ ಕೂತೆವು. ಮಾವ ರಾತ್ರಿ ಪಾಳಿ ಮುಗಿಸಿ ಬಂದವರು, ರಿಮೋಟು ಹಿಡಿದೇ ನಿದ್ದೆಹೋದರು. ಹಸಿರು ಟ್ಯಾಂಕು ಬೀದಿಯಲ್ಲಿ ಸುಮ್ಮನೆ ನಿಂತು ಗುಂಡು ತಿನ್ನತೊಡಗಿತು. ಒಂದು ಸಲ ಸತ್ತಿತು, ಎರಡು ಸಲ ಸತ್ತಿತು. ಅವ್ವ ಮೇಲಕ್ಕೆ ಫ್ಯಾನು ನೋಡಿದಳು, ಕ್ಯಾಲೆಂಡರು ನೋಡಿದಳು, ಕೊನೆಗೆ ತಡೆಯಲಾರದೆ ಮಾವನ ಬೆರಳುಗಳಿಂದ ರಿಮೋಟನ್ನು ಮೆಲ್ಲಗೆ ಬಿಡಿಸಿಕೊಂಡು ನೆಲಕ್ಕೆ ಕೂತಳು. ಅತ್ತೆ ತಿರುಗಿ ನೋಡಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟಳು. ರಿಮೋಟಿನ ವೈರು ಮೂರು ಅಡಿಗಿಂತ ಉದ್ದ ಇರಲಿಲ್ಲ. ಆಡಬೇಕಾದರೆ ಟಿವಿಯ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂರಲೇಬೇಕು.

ಅಂದಿನಿಂದ ತಿಂಗಳಿಗೊಂದು ಯುದ್ಧ. ಮಾತಿನ ವ್ಯವಹಾರವೆಲ್ಲ ನನ್ನ ಮೂಲಕ.

"ವೀರೇಶಾ, ನಿಮ್ಮತ್ತೆಗೆ ಹೇಳು, ಎಡಗಡೆ ಇಬ್ಬರು ಬಂದ್ರು ಅಂತ."

"ನಿಮ್ಮವ್ವಗೆ ಹೇಳು, ನನಗೂ ಕಣ್ಣೈತೆ ಅಂತ."

"ನಿಮ್ಮತ್ತೆಗೆ ಹೇಳು, ಕಣ್ಣಿದ್ದೋರು ನನ್ ಬೆನ್ನಿಗ್ಯಾಕೆ ಹೊಡೆದ್ರು ಅಂತ."

"ಗುರಿ ತಪ್ಪಿತು ಅಂತ ಹೇಳು."

ಅತ್ತೆಯ ಗುರಿ ಸಾಮಾನ್ಯವಾಗಿ ತಪ್ಪುತ್ತಿರಲಿಲ್ಲ. ಅವ್ವನ ಹಸಿರು ಟ್ಯಾಂಕು ಆಗಾಗ ನಡುರಸ್ತೆಯಲ್ಲಿ ಮರಗಟ್ಟಿ ನಿಲ್ಲುತ್ತಿತ್ತು. ಆದರೆ ಹಾಗೆ ನಿಂತಾಗೆಲ್ಲ ಅತ್ತೆ ತನ್ನ ಹಳದಿ ಟ್ಯಾಂಕನ್ನು ತಂದು ಅದರ ಮುಂದೆ ಅಡ್ಡ ನಿಲ್ಲಿಸುತ್ತಿದ್ದಳು ಎನ್ನುವುದನ್ನೂ ನಾನು ನೋಡಿದ್ದೇನೆ. ಹಕ್ಕಿಯ ಹೆಸರಿನ ಬಗ್ಗೆಯೂ ಒಮ್ಮತವಿರಲಿಲ್ಲ. ಅತ್ತೆ ಅದನ್ನು ಕೋಳಿ ಎನ್ನುತ್ತಿದ್ದಳು. ಮೊಟ್ಟೆಯ ಸಿಪ್ಪೆಯೂ ಕಾಣದ ಮನೆತನದವರು ಕೋಳಿ ಕಾಯುವುದೇನು ಚಂದ ಎಂದು ಅವ್ವ ಅದನ್ನು ಪಾರಿವಾಳ ಎನ್ನುತ್ತಿದ್ದಳು. ಒಂದೇ ಹಕ್ಕಿಯನ್ನು ಒಬ್ಬಳು ಕೋಳಿಯೆಂದೂ ಒಬ್ಬಳು ಪಾರಿವಾಳವೆಂದೂ ಪ್ರಾಣ ಕೊಟ್ಟು ಕಾದರು. ಸಂಜೆಯ ಬಸ್ಸಿನ ಹೊತ್ತಿಗೆ ಹದಿನಾಲ್ಕನೇ ಮನೆ ಮುಟ್ಟಿದ್ದೇ ಅವರ ದಾಖಲೆ. ಆ ಡಬ್ಬಿಗೆ ನೆನಪೆಂಬುದಿರಲಿಲ್ಲ. ಕರೆಂಟು ಹೋದರೆ, ಬಸ್ಸಿಗೆ ಹೊತ್ತಾಯಿತೆಂದು ಎದ್ದರೆ, ಎಲ್ಲ ಅಳಿಸಿಹೋಗಿ ಮುಂದಿನ ಅಮಾವಾಸ್ಯೆಗೆ ಮತ್ತೆ ಒಂದನೇ ಮನೆ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ವೈರವನ್ನು ಕೆಡಿಸಿದವನು ನಾನು. ಒಂದು ಅಮಾವಾಸ್ಯೆ ಡಬ್ಬಿಗೆ ಕರೆಂಟು ಕೊಡುವ ಅಡಾಪ್ಟರು ಕೆಟ್ಟಿತ್ತು. ಇಬ್ಬರೂ ರಿಮೋಟು ಹಿಡಿದು ಕೂತಿದ್ದರು. ನಾನು "ಅದಕ್ಯಾಕೆ ಚಿಂತಿ, ನಾನಿದ್ದೀನಲ್ಲ" ಎಂದು ಮಾವನ ರೇಡಿಯೋದ ಅಡಾಪ್ಟರು ತಂದೆ. ಅದೂ ಒಂಬತ್ತು ವೋಲ್ಟು, ಇದೂ ಒಂಬತ್ತು ವೋಲ್ಟು. ಅದರ ಮೈಮೇಲೆ ಪ್ಲಸ್ಸು ಒಳಗೋ ಹೊರಗೋ ಎಂದು ತೋರಿಸುವ ಪುಟ್ಟದೊಂದು ಚಿತ್ರವಿರುತ್ತದೆ. ಆ ಚಿತ್ರದ ಅರ್ಥವನ್ನು ಹಿಂದಿನ ವಾರವಷ್ಟೇ ಪರೀಕ್ಷೆಯಲ್ಲಿ ಬರೆದಿದ್ದೆ. ನೋಡಲಿಲ್ಲ. ಚುಚ್ಚಿದೆ. ಪ್ಲಸ್ಸು ಮೈನಸ್ಸು ಅದಲುಬದಲಾಗಿತ್ತು, ಕೊಬ್ಬರಿ ಸುಟ್ಟ ವಾಸನೆ ಬಂತು, ಸೀಳಿನಿಂದ ಸಣ್ಣಗೆ ಹೊಗೆ ಎದ್ದಿತು.

ಅತ್ತೆ ಹೊಗೆಯನ್ನು ನೋಡಿದಳು, ನನ್ನನ್ನು ನೋಡಿದಳು. "ನಿಮ್ಮ ಕಾಲೇಜಿನಾಗ ಇದನ್ನ ಕಲಿಸ್ತಾರೇನೋ?"

"ನಿಮ್ಮತ್ತೆಗೆ ಹೇಳು," ಎಂದಳು ಅವ್ವ, "ಆ ಕಾಲೇಜಿಗೆ ಸೇರಿಸಿದ್ದು ನಾನಲ್ಲ, ನಿಮ್ಮಪ್ಪ ಅಂತ."

ಮುಂದಿನ ಅಮಾವಾಸ್ಯೆಗಳಲ್ಲಿ ಪ್ರಸಾದ ಮೇಜಿನ ಮೇಲೆ ಬಂತು, ನೀರು ಮೇಜಿನ ಮೇಲೆ ಬಂತು. ನಾವು ಹತ್ತು ನಿಮಿಷಕ್ಕೆ ಬಸ್‌ಸ್ಟ್ಯಾಂಡಿನಲ್ಲಿದ್ದೆವು. ಒಮ್ಮೆ ಅವ್ವ ನೀರನ್ನೂ ಅರ್ಧಕ್ಕೆ ಬಿಟ್ಟು ಎದ್ದಳು. ಇನ್ನು ನಾಲ್ಕು ಅಮಾವಾಸ್ಯೆ ಹೀಗೆ ಕಳೆದರೆ ಆ ರೀತಿಯೂ ನಿಂತುಹೋಗುತ್ತದೆಂದು ನನಗನ್ನಿಸಿತು. ಹಾಗೆ ನಿಂತರೆ ಅದಕ್ಕೆ ಕಾರಣ ಕೊಡವೂ ಅಲ್ಲ, ಗಳಿಗೆಯೂ ಅಲ್ಲ, ನಾನು.

ಪಿ.ಜೆ. ಬಡಾವಣೆಯಲ್ಲಿ ಒಂದು ಕಂಪ್ಯೂಟರ್ ತರಗತಿಯಿತ್ತು. ಅಲ್ಲಿ ನಾನು ಕಲಿಯುತ್ತಲೂ ಇದ್ದೆ, ಸಂಜೆ ಮತ್ತು ಭಾನುವಾರ ಯಂತ್ರಗಳ ಮೇಲ್ವಿಚಾರಣೆಯನ್ನೂ ಮಾಡುತ್ತಿದ್ದೆ. ಮೇಲ್ವಿಚಾರಣೆ ಎಂದರೆ ದೂಳು ಒರೆಸಿ ಹೊದಿಕೆ ಹಾಕುವುದು. ನನ್ನ ಗೆಳೆಯ ನಾಗರಾಜ ಅಲ್ಲಿಗೊಂದು ಫ್ಲಾಪಿ ತಂದ. ಅದರಲ್ಲಿ ಎಮ್ಯುಲೇಟರ್ ಎಂಬ ಸಣ್ಣ ಪ್ರೋಗ್ರಾಮು. ಅದನ್ನು ಹಾಕಿದರೆ ಕಂಪ್ಯೂಟರು ಟಿವಿ ಗೇಮಿನ ವೇಷ ತೊಟ್ಟು, ಹಳೆಯ ಕ್ಯಾಸೆಟ್ಟಿನ ಆಟಗಳನ್ನೆಲ್ಲ ಆಡಿಸುತ್ತದೆ.

"ಡಬ್ಬಿ ಯಾಕಲೇ ಬೇಕು?" ಎಂದ ನಾಗರಾಜ. "ಡಬ್ಬಿ ಏನ್ ಮಾಡ್ತಿತ್ತೋ ಅದನ್ನ ಇದು ಮಾಡ್ತೈತೆ. ಊದಂಗಿಲ್ಲ, ಉಜ್ಜಂಗಿಲ್ಲ. ಸತ್ರೆ ವಾಪಸ್ ಬರಬೋದು."

ಹಾಗೆಂದರೆ, ಆಟದ ನಡುವೆ ಒಂದು ಕೀಲಿ ಒತ್ತಿ ಗುರುತು ಹಾಕಬಹುದು. ಆಮೇಲೆ ಏನೇ ಎಡವಟ್ಟಾದರೂ ಇನ್ನೊಂದು ಕೀಲಿ ಒತ್ತಿದರೆ ಗುರುತಿಟ್ಟ ಗಳಿಗೆಗೇ ಮರಳಬಹುದು. ನಾನು ಟ್ಯಾಂಕು ಆಡಿ ನೋಡಿದೆ. ಅದೇ ಊರು, ಅದೇ ಗೋಡೆ. ಅತ್ತೆಯ ಟಿವಿಯಲ್ಲಿ ಬಣ್ಣಗಳು ಒಂದಕ್ಕೊಂದು ಹರಡಿ, ಆಟದೊಳಗಿನ ಹೊಳೆ ನಿಜವಾಗಿ ಹರಿಯುವಂತೆ ಕಾಣುತ್ತಿತ್ತು. ಇಲ್ಲಿ ಗೆರೆಗಳು ಎಷ್ಟು ಚೊಕ್ಕವೆಂದರೆ ಹೊಳೆ ಗ್ರಾಫ್ ಹಾಳೆಯಂತಿತ್ತು. ಹಕ್ಕಿ ಮಾತ್ರ ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಅದು ಕೋಳಿಯೂ ಅಲ್ಲ, ಪಾರಿವಾಳವೂ ಅಲ್ಲ, ಹದ್ದು. ಈ ಸಂಶೋಧನೆಯನ್ನು ನಾನು ಇಂದಿನವರೆಗೂ ಮನೆಯಲ್ಲಿ ಹೇಳಿಲ್ಲ.

ಅವಕಾಶ ತಾನಾಗಿ ಒದಗಿತು. ಅತ್ತೆಗೆ ಮೊಣಕಾಲು ನೋವು. ಭಾನುವಾರ ಮಾತ್ರ ಬರುವ ಡಾಕ್ಟರೊಬ್ಬರಿಗೆ ತೋರಿಸಲು ಪಿ.ಜೆ. ಬಡಾವಣೆಯ ಕ್ಲಿನಿಕ್ಕಿಗೆ ಬಂದಳು. ನಮ್ಮ ಮನೆಗಲ್ಲ, ಬಸ್‌ಸ್ಟ್ಯಾಂಡಿನಿಂದ ನೇರ ಕ್ಲಿನಿಕ್ಕಿಗೆ. ಅಪ್ಪ ಅಕ್ಕನಿಗೆ ಬುತ್ತಿ ಕಟ್ಟಿಸಿ ಅವ್ವನ ಕೈಯಲ್ಲೇ ಕಳಿಸಿದರು. ಅದು ಅವರ ಕಿತಾಪತಿ. ಡಾಕ್ಟರು ನೆಲಕ್ಕೆ ಕೂರಬಾರದೆಂದರು. ಹೊರಗೆ ಬಂದ ಇಬ್ಬರನ್ನೂ ನಾನು, "ಬರ್ರಿ, ಇಲ್ಲೇ ಪಕ್ಕದಾಗೆ, ಕುರ್ಚಿ ಮೇಲೆ ಕೂತು ಬುತ್ತಿ ಉಣ್ಣಬೋದು" ಎಂದು ಕರೆದುಕೊಂಡು ಹೋದೆ.

ಆಗಿನ ಕಂಪ್ಯೂಟರ್ ಕೋಣೆಗಳಿಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಅತ್ತೆ ಹೊರಗೆ ಚಪ್ಪಲಿ ಬಿಟ್ಟು, ಕಾಲು ತೊಳೆಯಲು ನೀರು ಎಲ್ಲಿದೆಯೆಂದು ಕೇಳಿದಳು. ಒಳಗೆ ಪರದೆ ಇಳಿಬಿಟ್ಟ ಕೋಣೆ, ತಣ್ಣಗೆ ಗುಂಯ್ಗುಡುವ ಎ.ಸಿ., ಸಾಲಾಗಿ ಹೊದ್ದು ಕೂತ ಯಂತ್ರಗಳು. "ಗದ್ದುಗೆ ಇದ್ದಂಗೈತಲ್ಲೋ," ಎಂದು ದನಿ ತಗ್ಗಿಸಿದಳು.

ಬುತ್ತಿ ಉಂಡ ಮೇಲೆ ನಾನು ಆಟ ಹಾಕಿದೆ. ಆ ಸಂಗೀತ ಕೇಳಿದ್ದೇ ಇಬ್ಬರ ಬೆನ್ನೂ ನೆಟ್ಟಗಾಯಿತು. ನಾನು ಒಂದನೇ ಮನೆಯಲ್ಲೇ ಗುರುತು ಹಾಕಿ, ಬೇಕೆಂದೇ ಸತ್ತು, ಬದುಕಿ ತೋರಿಸಿದೆ.

ಅತ್ತೆ ಕೇಳಿದಳು, "ಎಷ್ಟು ಹಿಂದಕ್ಕಾದ್ರೂ ಹೋಗಬೋದಾ?"

"ಎಲ್ಲಿ ಗುರುತು ಹಾಕಿರ್ತೀರೋ ಅಲ್ಲಿಗೆ ಅತ್ತೆ."

"ಹಾಕದಿದ್ರೆ?"

"ಹಾಕದಿದ್ರೆ ಆಗಲ್ಲ."

"ಮತ್ತೇನು ಉಪಯೋಗ ಬಂತು? ಇಲ್ಲಿ ತಪ್ಪಾಗ್ತೈತೆ ಅಂತ ಮೊದ್ಲೇ ಗೊತ್ತಿದ್ರೆ ಗುರುತ್ಯಾಕೆ ಹಾಕ್ತಿದ್ವಿ? ತಪ್ಪನ್ನೇ ಮಾಡ್ತಿರಲಿಲ್ಲ."

ನಾಗರಾಜನ ಫ್ಲಾಪಿಯ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಕೇಳಿಲ್ಲ.

ತೊಂದರೆ ಇದ್ದದ್ದು ಬೇರೆ ಕಡೆ. ಇಲ್ಲಿ ಎರಡು ರಿಮೋಟಿಲ್ಲ, ಇಬ್ಬರಿಗೂ ಒಂದೇ ಕೀಬೋರ್ಡು. ಬಲಗಡೆಯ ಬಾಣದ ಗುರುತಿನ ಕೀಲಿಗಳು ಅತ್ತೆಗೆ, ಎಡಗಡೆಯ ಅಕ್ಷರಗಳು ಅವ್ವನಿಗೆ. ಆಗಿನ ಕೀಬೋರ್ಡುಗಳು ಒಟ್ಟಿಗೆ ಎರಡು ಮೂರು ಕೀಲಿಗಳನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದವು. ನಾಲ್ಕನೆಯದನ್ನು ಒತ್ತಿದರೆ ಕಿವುಡು. ಒಬ್ಬನೇ ಆಡಿ ನೋಡಿದ್ದ ನನಗೆ ಇದು ತಿಳಿದಿರಲಿಲ್ಲ. ಅವ್ವ ಗುಂಡು ಹಾರಿಸುತ್ತ ಎಡಕ್ಕೆ ಸರಿದಳು. ಅತ್ತೆಯ ಹಳದಿ ಟ್ಯಾಂಕು ನಡುಬೀದಿಯಲ್ಲಿ ನಿಂತುಬಿಟ್ಟಿತು.

"ವೀರೇಶಾ, ನಂದು ಯಾಕ ನಿಂತ್ಬಿಡ್ತು?"

"ಇನ್ನೊಂದ್ಸಲ ಒತ್ತಿ ಅತ್ತೆ."

"ನಿಮ್ಮವ್ವ ಒತ್ತಿದಾಗೆಲ್ಲ ನಂದು ನಿಲ್ತೈತೆ. ಆಗಿಂದ ನೋಡಾಕತ್ತೀನಿ."

"ನಿಮ್ಮತ್ತೆಗೆ ಹೇಳು, ನಾನು ಅವರ ಕಡೆ ಬೆರಳು ಹಾಕಿಲ್ಲ ಅಂತ."

ಗ್ರಹಚಾರ ನೋಡಿ. ಮಾತಿಲ್ಲದ ಇಬ್ಬರನ್ನು ಕೂರಿಸಿ, ಒಬ್ಬಳು ಮುಂದುವರಿದರೆ ಇನ್ನೊಬ್ಬಳು ನಿಂತುಹೋಗುವ ಯಂತ್ರವೊಂದನ್ನು ನಡುವೆ ಇಟ್ಟಿದ್ದೆ. ನಾನು ಬೆವರುತ್ತ ವಿವರಿಸಿದೆ. ಇಬ್ಬರೂ ಒಟ್ಟಿಗೆ ಒತ್ತಬಾರದು, ಒಬ್ಬರು ಕೈ ಎತ್ತಿದ ಮೇಲೆ ಇನ್ನೊಬ್ಬರು.

"ಅಂದ್ರೆ ನಲ್ಲಿ ಮುಂದೆ ಕೊಡ ಇಟ್ಟಂಗೆ," ಎಂದಳು ಅತ್ತೆ. ಕೊಡ ಎಂಬ ಮಾತು ಬಂದದ್ದೇ ಕೋಣೆ ಇನ್ನಷ್ಟು ತಣ್ಣಗಾಯಿತು.

ಆಟ ಮತ್ತೆ ಶುರುವಾಯಿತು. "ನಿಮ್ಮತ್ತೆಗೆ ಹೇಳು, ಬಿಡ್ರಿ ಅಂತ," ಎನ್ನುವಳು ಅವ್ವ. "ಅತ್ತೆ, ಬಿಡಬೇಕಂತೆ," ಎನ್ನುವೆ ನಾನು. ಅಷ್ಟರಲ್ಲಿ ಹಸಿರು ಟ್ಯಾಂಕು ಸತ್ತಿರುತ್ತಿತ್ತು. ಡಬ್ಬಿಯ ಕಾಲದಲ್ಲಿ ನನ್ನ ಟಪಾಲು ಸ್ವಲ್ಪ ತಡವಾದರೂ ನಡೆಯುತ್ತಿತ್ತು, ಇಲ್ಲಿ ಒಂದು ಉಸಿರು ತಡವಾದರೂ ಸಾವು. ನಾಲ್ಕನೇ ಮನೆಗೆ ಬಂದಾಗ ಹೊರಗಿನ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು. ನಾನು ಗುರುತೊಂದನ್ನು ಹಾಕಿ ಎದ್ದು ಹೋದೆ. ಯಾರೋ ಹೊಸ ಬ್ಯಾಚು ಯಾವಾಗ ಶುರುವೆಂದು ಕೇಳುತ್ತಿದ್ದರು. ಹೇಳುತ್ತಿರುವ ಹಾಗೆಯೇ ಒಳಗಿನಿಂದ ಕೂಗು ಕೇಳಿಸಿತು.

"ಬಿಡ್ರಿ ಅಕ್ಕಾರೆ! ಬಿಡ್ರೀ ಅಂದ್ರೆ!"

"ಬಿಟ್ಟೆ, ಹೊಡಿ! ಹೊಡಿಯೇ ಮಾರಾಯ್ತಿ, ಏನ್ ನೋಡ್ತೀಯ!"

ನಾನು ಫೋನು ಇಟ್ಟು ಬಂದು ಬಾಗಿಲ ಹತ್ತಿರ ನಿಂತೆ. ಒಳಗೆ ಹೋಗಲಿಲ್ಲ. ಇಬ್ಬರೂ ಪರದೆಗೆ ಮೂಗು ತಾಗುವಷ್ಟು ಬಾಗಿದ್ದರು. "ಈಗ ನೀನು." "ಈಗ ನೀವು." "ನಿಲ್ಲು, ನಿಲ್ಲು." "ಆತು, ಹೋಗ್ರಿ." ಹತ್ತಾರು ವರ್ಷ ಒಂದೇ ಒಳಕಲ್ಲಿನಲ್ಲಿ ರುಬ್ಬಿದವರ ಹಾಗೆ ಕೈಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಮೂರು ಟ್ಯಾಂಕುಗಳು ಬಲಗಡೆಯಿಂದ ಒಟ್ಟಿಗೆ ಬಂದವು.

"ಅಕ್ಕಾರೆ, ನೀವು ಮೊದ್ಲು ಹೋಗ್ರಿ," ಎಂದಳು ಅವ್ವ, ಕೈಯನ್ನು ಕೀಬೋರ್ಡಿನಿಂದ ಪೂರ್ತಿ ಎತ್ತಿ. "ನಾನು ನಿಂತಿರ್ತೀನಿ."

ಅತ್ತೆ ಒತ್ತಲಿಲ್ಲ.

"ನಿಂತಿರ್ತೀಯಾ?"

"ಹ್ಞೂಂ."

"ಐದು ನಿಮಿಷ ನಿಂತಿರ್ತೀಯಾ, ಶಾಂತಾ?"

ಅವ್ವ ಪರದೆಯನ್ನೇ ನೋಡುತ್ತ ಹೇಳಿದಳು, "ಐನೋರು ಗಳಿಗೆ ಮೀರ್ತೈತೆ ಅಂದ್ರು. ನೀವು ಬರಲ್ಲ ಅಂದ್ಕೊಂಡೆ."

"ಬರಲ್ಲ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ."

"ರೈಲ್ವೆ ಗೇಟ್ ಹಾಕಿತ್ತು. ಬಸ್ ಇಳಿದು, ಗೇಟಿನ ಕೆಳಗೆ ಬಗ್ಗಿ ದಾಟಿ, ಓಡ್ಕೊಂತ ಬಂದೆ. ಈ ಮೊಣಕಾಲಿನಾಗ. ಕೊಡ ಹೊರಾಕೆ ರೇಷ್ಮೆ ಸೀರೆ ಬ್ಯಾಡ, ನೀರು ಚೆಲ್ತೈತೆ ಅಂದ್ರು ನಮ್ಮನೆಯವ್ರು. ನಾನೇ ಉಟ್ಕೊಂಡು ಬಂದೆ."

"ನನಗೆ ಗೊತ್ತಿರಲಿಲ್ಲ ಅಕ್ಕಾರೆ."

"ಕೇಳ್ಲಿಲ್ಲಲ್ಲ ನೀನು."

"ನೀವೂ ಹೇಳ್ಲಿಲ್ಲ."

ಪರದೆಯಲ್ಲಿ ಹಳದಿ ಟ್ಯಾಂಕೂ ನಿಂತಿತ್ತು, ಹಸಿರು ಟ್ಯಾಂಕೂ ನಿಂತಿತ್ತು. ವೈರಿಗಳು ಅವಸರವಿಲ್ಲದೆ ಇಟ್ಟಿಗೆ ಒಡೆದುಕೊಂಡು ಬಂದು ಹಕ್ಕಿಯನ್ನು ಹೊಡೆದವು. ಆಟ ಮುಗಿದ ಸಂಗೀತಕ್ಕೆ ಇಬ್ಬರೂ ಬೆಚ್ಚಿದರು. ನಾನು ಮುಂದೆ ಬಂದು, ಆಗಿನ ಬುದ್ಧಿಗೆ ತಕ್ಕ ಹಾಗೆ, "ಹಿಂದಕ್ಕೆ ಕರ್ಕೊಂಡು ಹೋಗ್ಲಾ? ಗುರುತು ಹಾಕಿದೀನಿ," ಎಂದೆ.

"ಬ್ಯಾಡ," ಎಂದಳು ಅತ್ತೆ. "ಹೋದ ಕೋಳಿ ಹೋತು."

"ಪಾರಿವಾಳ," ಎಂದಳು ಅವ್ವ.

"ಆತು, ಪಾರಿವಾಳ. ಮೊದಲಿಂದ ಹಾಕು."

ಅಂದು ಎಲ್ಲವೂ ಸರಿಹೋಯಿತೆಂದು ಬರೆದರೆ ನನ್ನ ಕೈ ನನ್ನನ್ನೇ ನಂಬುವುದಿಲ್ಲ. ಸಂಜೆ ಅವ್ವ "ಮನೆಗೆ ಬಂದು ಹೋಗ್ರಿ" ಎಂದಾಗ ಅತ್ತೆ "ಬಸ್ಸಿಗೆ ಹೊತ್ತಾತು" ಎಂದು ಹೊರಟೇಬಿಟ್ಟಳು. ಬಸ್ಸು ಬರಲು ಮುಕ್ಕಾಲು ಗಂಟೆಯಿತ್ತು. ಆ ಮುಕ್ಕಾಲು ಗಂಟೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಏನೋ ಮಾತಾಡಿದರು. ನನ್ನನ್ನು ಕಡಲೆಕಾಯಿ ತರಲು ಎರಡು ಸಲ ಕಳಿಸಿದರು.

ಡಬ್ಬಿಯನ್ನು ಹರಿಹರದ ರಿಪೇರಿಯವರೊಬ್ಬರು ಒಂದೇ ಬಿಡಿಭಾಗ ಬದಲಿಸಿ ಸರಿಮಾಡಿಕೊಟ್ಟರು. ಅಮಾವಾಸ್ಯೆಯ ಆಟ ಮತ್ತೆ ಶುರುವಾಯಿತು, ಡಾಕ್ಟರ ಮಾತಿನಂತೆ ಅತ್ತೆ ಮಾತ್ರ ಗಿಡ್ಡ ಮಣೆಯ ಮೇಲೆ. ಎರಡು ರಿಮೋಟು, ಯಾರು ಒತ್ತಿದರೂ ಯಾರದೂ ನಿಲ್ಲುವುದಿಲ್ಲ. ಆದರೂ ಅವರಿಬ್ಬರೂ ಐದನೇ ಮನೆ ದಾಟಿದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ. ಮಾತಿಲ್ಲದಾಗ ಹದಿನಾಲ್ಕನೇ ಮನೆ ಮುಟ್ಟಿದವರು, ಮಾತು ಬಂದ ಮೇಲೆ ಸೊಪ್ಪಿನ ಸುದ್ದಿ, ನೆರೆಮನೆ ಸೊಸೆಯರ ಸುದ್ದಿ ಹೇಳುತ್ತ ಪರದೆಯನ್ನೇ ಮರೆಯುತ್ತಿದ್ದರು. ಅಸಲಿ ಡಬ್ಬಿ ಮೇಲೋ ಎಮ್ಯುಲೇಟರ್ ಮೇಲೋ ಎಂದು ಈಗಿನ ಹುಡುಗರು ವಾದ ಮಾಡುವುದನ್ನು ಕೇಳಿದಾಗ ನಾನು ಬಾಯಿ ಹಾಕುವುದಿಲ್ಲ. ನನ್ನ ಅನುಭವ ಯಾವ ಕಡೆಗೂ ಸಾಕ್ಷಿಯಾಗುವಂಥದ್ದಲ್ಲ.

ಮರುವರ್ಷ ಆ ತರಗತಿಯವರು ಹೊಸ ಯಂತ್ರ ತರಿಸಿ, ಹಳೆಯದೊಂದನ್ನು ನನಗೆ ಕೊಟ್ಟರು. ಆಟೋದಲ್ಲಿ ಹೇರಿಕೊಂಡು ಎಸ್.ಎಸ್. ಬಡಾವಣೆಗೆ ತಂದೆ. ಗೇಟಿನ ಹತ್ತಿರ ಅವ್ವ ಅಡ್ಡ ನಿಂತಿದ್ದಳು, ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ. ಕಾಯಿ ಒಡೆಯಲು ಅದೇ ಐನೋರು ಬಂದಿದ್ದರು.

"ಇಳಿಸಬ್ಯಾಡ," ಎಂದಳು. "ನಿಂತ್ಕೊ."

ಇಪ್ಪತ್ತು ನಿಮಿಷವಾಯಿತು. ಆಟೋದವನು, "ಅಮ್ಮಾರೆ, ಇಳಿಸ್ಕೊಳ್ರಿ, ನನಗೆ ಬ್ಯಾರೆ ಬಾಡಿಗೆ ಐತೆ," ಎಂದ. ಅಪ್ಪ ಒಳಗೆ ಹೋಗಿ ಅವನಿಗೊಂದು ಕಾಫಿ ತಂದುಕೊಟ್ಟರು. ಐನೋರು ಗಡಿಯಾರ ನೋಡಿಕೊಂಡು, "ಗಳಿಗೆ ಮೀರ್ತೈತಮ್ಮ," ಎಂದರು.

"ಮೀರ್ಲಿ ಬಿಡ್ರಿ," ಎಂದಳು ಅವ್ವ.

ಮುಕ್ಕಾಲು ಗಂಟೆಗೆ ಬೀದಿಯ ತಿರುವಿನಲ್ಲಿ ಗಿರಿಜತ್ತೆ ಕಾಣಿಸಿದಳು, ಕುಂಟುತ್ತ, ರೇಷ್ಮೆ ಸೀರೆಯಲ್ಲಿ. ಅಂದೂ ಗೇಟು ಹಾಕಿತ್ತಂತೆ. ಆಟೋದವನು ನನ್ನ ಕಿವಿಯಲ್ಲಿ, "ಇವರೇನ್ರಿ ಇಂಜಿನಿಯರು?" ಎಂದು ಕೇಳಿದ. ಅವ್ವ ಆಟೋದಿಂದ ಕೀಬೋರ್ಡನ್ನು ತೆಗೆದು, ಕುಂಕುಮ ಇಟ್ಟು, ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಅದನ್ನು ಎದೆಗೆ ಆನಿಸಿಕೊಂಡು ಹೊಸ್ತಿಲವರೆಗೆ ಬಂದಳು. ಬಂದವಳು ನಿಂತಳು. ಆಕೆ ಅವ್ವನ ಕಡೆ ನೋಡದೆ ನನ್ನ ಕಡೆ ತಿರುಗಿದಳು.

"ವೀರೇಶಾ, ನಿಮ್ಮವ್ವಗೆ ಹೇಳು, ಈ ಕಡೆ ಹಿಡ್ಕೊ ಅಂತ. ಒಬ್ಬಳಿಗೇ ಭಾರ ಆಗ್ತೈತೆ."

ಒಂದು ಕೀಬೋರ್ಡು ಎಷ್ಟು ಭಾರವಿದ್ದೀತು? ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಇನ್ನೊಂದು ತುದಿ ಹಿಡಿದಾಗಿತ್ತು.